ಜುರಾಂಗ್ ವೆಸ್ಟಿನಿಂದ ಯಾವ ಊರಿಗೆ

‘ಊರಿಗೆ ಹೋಗಿಬಿಡೋಣ ಕಣ್ರೀ’ ಎಂದು ನಾನು ಇಪ್ಪತ್ತೆರಡು ವರ್ಷ ಗಂಡನ ತಲೆ ತಿಂದಿದ್ದೇನೆ. ಸಿಂಗಾಪುರದ ಜುರಾಂಗ್ ವೆಸ್ಟಿಗೆ ಬಂದ ಮೊದಲ ವಾರ ಶುರುವಾದ ರಾಗ ಅದು. ಕುಕ್ಕರ್ ಇಡುವಾಗ, ಒಣಗಿದ ಬಟ್ಟೆ ಮಡಿಚುವಾಗ, ಎಂಆರ್‌ಟಿ ರೈಲಿನಲ್ಲಿ ಸೀಟು ಸಿಗದೆ ಕಂಬ ಹಿಡಿದು ನಿಂತಾಗ, ಎಲ್ಲ ಕಡೆಯೂ ಅದೇ. ಅವರು ‘ಹೋಗೋಣ, ಹೋಗೋಣ’ ಎನ್ನುತ್ತಲೇ ಕಾಲ ತಳ್ಳಿದರು. ಹೋದ ವರ್ಷ, ತಮ್ಮ ಕೆಲಸ ಡಿಸೆಂಬರಿಗೆ ಮುಗಿಯುತ್ತದೆಂದು ಗೊತ್ತಾದ ದಿನ, ಮೊದಲ ಸಲ ಬೇರೆ ಮಾತು ಆಡಿದರು.

‘ಸರಿ ಕಣೇ, ಹೋಗೋಣ. ಯಾವ ಊರಿಗೆ?’

ಆ ಪ್ರಶ್ನೆಯಲ್ಲಿ ಕುಹಕವೇನೂ ಇರಲಿಲ್ಲ. ಆದರೂ ನನಗೆ ರೇಗಿತು. ಉತ್ತರ ನನ್ನ ಹತ್ತಿರ ಇರಲಿಲ್ಲವಲ್ಲ, ಅದಕ್ಕೆ.

ನನ್ನ ಅಪ್ಪ ರೈಲ್ವೆಯಲ್ಲಿದ್ದವರು. ಏಳು ಕೆರೆ ನೀರು ಕುಡಿದವಳು ಎಂದು ಜನ ಯಾರನ್ನೋ ಬೈಯುತ್ತಾರೆ; ನಾನು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ನಿಜವಾಗಿಯೂ ಐದು ಊರಿನ ನಲ್ಲಿ ನೀರು ಕುಡಿದಿದ್ದೆ. ಕ್ವಾರ್ಟರ್ಸಿನ ಗೋಡೆಗೆ ಒಂದು ಮೊಳೆ ಹೊಡೆಯಲೂ ಅಮ್ಮ ಬಿಡುತ್ತಿರಲಿಲ್ಲ, ‘ಬಿಟ್ಟು ಹೋಗೋ ಮನೆಗೆ ಯಾಕೆ’ ಎನ್ನುತ್ತಿದ್ದಳು. ಹೊಸ ಶಾಲೆಗೆ ಸೇರಿದಾಗಲೆಲ್ಲ ಹುಡುಗಿಯರ ಮೊದಲ ಪ್ರಶ್ನೆ ‘ನಿಮ್ದು ಯಾವೂರೇ?’ ನಾನು ತಡವರಿಸುತ್ತಿದ್ದೆ. ಹೆಣ್ಣು ನೋಡಲು ಬಂದವರೂ ಅದನ್ನೇ ಕೇಳಿದರು. ಅಪ್ಪ ಆಗ ಯಾವ ಸ್ಟೇಷನ್ನಿನಲ್ಲಿದ್ದರೋ ಆ ಊರಿನ ಹೆಸರು ಹೇಳಿ ಪಾರಾದರು.

ಗಂಡ ಬೆಂಗಳೂರಿನವರೇ. ಆದರೆ ‘ಆ ಟ್ರಾಫಿಕ್‌ಗೆ ಮಾತ್ರ ನಾನ್ ಬರಲ್ಲ’ ಎಂದು ಕೈ ಮುಗಿದುಬಿಟ್ಟರು. ಹೀಗಾಗಿ ಐವತ್ತನಾಲ್ಕನೇ ವಯಸ್ಸಿಗೆ ನನಗೆ ಸೀರೆ ಆರಿಸಿದ ಹಾಗೆ ಊರು ಆರಿಸುವ ಭಾಗ್ಯ ಬಂತು. ಹೊರಗೆ ಉತ್ಸಾಹ, ಒಳಗೆ ಹೆದರಿಕೆ. ಈ ಸಲವೂ ತಪ್ಪಿದರೆ ಯಾವ ಊರಿನವಳೂ ಆಗದೆಯೇ ಮುಗಿದುಹೋಗುತ್ತೇನಲ್ಲ ಎಂಬ ಹೆದರಿಕೆ.

ತಮಿಳರ ದಿನಸಿ ಅಂಗಡಿಯವರು ಕೊಟ್ಟಿದ್ದ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಊರುಗಳ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆವು. ತೀರಾ ದೊಡ್ಡದೂ ಬೇಡ, ತೀರಾ ಸಣ್ಣದೂ ಬೇಡ. ಮಂಗಳೂರನ್ನು ನಾನೇ ಹೊಡೆದುಹಾಕಿದೆ. ಇಲ್ಲಿ ಸುರಿಸಿದ ಬೆವರೇ ಸಾಕು. ಹಾಸನ ಅಂದಾಗ ನಾದಿನಿ ಫೋನಿನಲ್ಲಿ ನಕ್ಕಳು. ‘ಸಿಂಗಾಪುರದಿಂದ ಹಾಸನಕ್ಕೆ ಬಂದು ಏನ್ ಮಾಡ್ತೀರಾ ಅತ್ತಿಗೆ, ಆಲೂಗಡ್ಡೆ ಬೆಳೀತೀರಾ?’ ಗಂಡ ಮಾತ್ರ ಕೊಯಮತ್ತೂರಿಗೆ ಜೋತುಬಿದ್ದರು.

‘ಡೈರೆಕ್ಟ್ ಫ್ಲೈಟ್ ಇದೆ, ಹಾಸ್ಪಿಟಲ್ಸ್ ಚೆನ್ನಾಗಿದಾವೆ, ವೆದರ್ ಓಕೆ. ತಮಿಳ್ ನಿಂಗೆ ಹೆಂಗೂ ಬರುತ್ತಲ್ಲ.’

‘ತರಕಾರಿ ತಗೊಳೋಕೆ ಬರುತ್ತೆ. ಜಗಳ ಆಡೋಕೆ ಬರಲ್ಲ.’

‘ಜಗಳಕ್ಕೆ ನಾನಿದೀನಲ್ಲೇ.’

‘ನಿಮ್ಮ ಜೊತೆ ಆಡಿ ಆಡಿ ಸಾಕಾಗಿದೆ ನಂಗೆ. ಹೊರಗಿನವರು ಬೇಕು.’

ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಇಲ್ಲಿ ಯಾರೂ ನನಗೆ ಕೆಟ್ಟದ್ದು ಮಾಡಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾರೆ, ಬಾಗಿಲು ಮುಚ್ಚದ ಹಾಗೆ ಗುಂಡಿ ಒತ್ತಿ ಹಿಡಿದು ಕಾಯುತ್ತಾರೆ. ಕನ್ನಡದವರು ಸಿಗುವುದು ಹಬ್ಬಕ್ಕೆ, ರೇಷ್ಮೆ ಸೀರೆ ಉಟ್ಟಾಗ. ನನಗೆ ಬೇಕಾಗಿದ್ದದ್ದು ಬರೀ ಮಂಗಳವಾರ, ಬುಧವಾರಗಳ ಕನ್ನಡ. ‘ಏನ್ರೀ, ಸೊಪ್ಪು ಇಷ್ಟು ಬಾಡಿದೆ’ ಅಂದರೆ ‘ನಿಮ್ಮ ಮುಖಕ್ಕಿಂತ ಚೆನ್ನಾಗಿದೆ ಬಿಡಿ’ ಅನ್ನುವವರು ಬೇಕಾಗಿತ್ತು. ಫ್ರೀಜರಿನ ಅವರೆಕಾಳು ತಿಂದು ತಿಂದು ಸೊಗಡು ಹೇಗಿರುತ್ತದೆಂದು ಮರೆತೇ ಹೋಗಿತ್ತು. ಆ ಆಸೆಯನ್ನು ಕ್ಯಾಲೆಂಡರಿನ ಯಾವ ಮೂಲೆಯಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ಕೊನೆಗೆ ಮೈಸೂರಿಗೆ ಮನಸ್ಸು ವಾಲಿತು. ಒಂದು ತಿಂಗಳು ಇದ್ದು ನೋಡಿಯೇ ಬಿಡೋಣ ಎಂದು ಆಷಾಢದಲ್ಲಿ ಹೋಗಿ ಸರಸ್ವತಿಪುರಂನಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದೆವು. ಗಾಳಿ ತಂಪಾಗಿತ್ತು. ಹೂವಿನವಳು ಮೂರನೇ ದಿನಕ್ಕೇ ನನ್ನನ್ನು ಅಕ್ಕಾ ಎಂದಳು. ಗಂಡ ಮಾತ್ರ ಖಾಲಿ ರಸ್ತೆಯಲ್ಲೂ ಸಿಗ್ನಲ್ಲಿಗೆ ಕಾಯುತ್ತಾ ನಿಂತು, ಹಿಂದಿನವರಿಂದ ‘ಯಾಕ್ ಸಾರ್, ಹುಷಾರಿಲ್ವಾ?’ ಅನ್ನಿಸಿಕೊಂಡರು.

ಎರಡನೇ ಭಾನುವಾರ ಬೆಳಿಗ್ಗೆ ಹತ್ತಿರದ ಒಂದು ಸೆಲ್ಫ್ ಸರ್ವಿಸ್ ಹೋಟೆಲಿಗೆ ಹೋದೆವು. ಕಾಲಿಡಲು ಜಾಗವಿಲ್ಲ. ಮೂಲೆಯಲ್ಲಿ ಒಂದು ಬೆಂಚು ಖಾಲಿ ಕಂಡದ್ದೇ ತಡ, ನಾನು ವ್ಯಾನಿಟಿ ಬ್ಯಾಗಿನಿಂದ ಟಿಶ್ಯೂ ಪೊಟ್ಟಣ ತೆಗೆದು ಮೇಜಿನ ನಡುವೆ ಇಟ್ಟು, ನಿಶ್ಚಿಂತೆಯಿಂದ ದೋಸೆಯ ಸಾಲಿಗೆ ಹೋಗಿ ನಿಂತೆ. ಸಿಂಗಾಪುರದ ಹಾಕರ್ ಸೆಂಟರಿನಲ್ಲಿ, ಅಂದರೆ ಸಾಲಾಗಿ ತಿಂಡಿ ಅಂಗಡಿಗಳಿರುವ ಚಪ್ಪರದಡಿ, ಎಲ್ಲರೂ ಮಾಡುವುದು ಹೀಗೇ. ಟಿಶ್ಯೂ ಇಟ್ಟರೆ ಮುಗಿಯಿತು, ಮೇಜು ನಿಮ್ಮದು. ಎಷ್ಟೇ ನೂಕುನುಗ್ಗಲಿರಲಿ, ನೀವು ಬರುವ ತನಕ ಅಲ್ಲಿ ನೊಣವೂ ಕೂರುವುದಿಲ್ಲ.

ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ವಾಪಸು ಬಂದರೆ ಬೆಂಚಿನ ಮೇಲೆ ಸ್ವೆಟರು, ಮಫ್ಲರು ಹಾಕಿದ ಯಜಮಾನರೊಬ್ಬರು. ನನ್ನ ಪೊಟ್ಟಣ ಬಿಚ್ಚಿ, ನನ್ನ ಟಿಶ್ಯೂವಿನಿಂದ ಮೇಜಿನ ಮೇಲಿನ ಸಾಂಬಾರು ಒರೆಸುತ್ತಿದ್ದರು. ನಾನು ದುರುಗುಟ್ಟಿಕೊಂಡು ನಿಂತೆ. ಅವರು ತಲೆಯೆತ್ತಿ, ಬಹಳ ಪ್ರೀತಿಯಿಂದ, ನನ್ನದೇ ಪೊಟ್ಟಣವನ್ನು ನನ್ನ ಕಡೆ ಚಾಚಿದರು.

‘ಯಾರೋ ಬಿಟ್ಟೋಗವ್ರೆ. ನೀವೂ ಒಂದ್ ತಗೊಳ್ಳಿ ತಾಯಿ.’

‘ಅದು ನಂದು! ಸೀಟ್ ಹಿಡಿಯೋಕೆ ಇಟ್ಟಿದ್ದೆ!’

‘ಸೀಟ್ ಹಿಡಿಯೋಕೆ ಪೇಪರ್ ಇಡ್ತಾರಾ? ಬಸ್ಸಲ್ಲಿ ಹಾಕ್ದಂಗೆ ಒಂದ್ ಕರ್ಚೀಫ್ ಹಾಕಿದ್ರೆ ಗೊತ್ತಾಗೋದು. ಒಂದ್ ಟವಲ್ ಹಾಕಿದ್ರೂ ಆಗೋದು.’

‘ಟವಲ್ ಹೊತ್ಕೊಂಡು ಯಾರ್ರೀ ತಿಂಡಿಗೆ ಬರ್ತಾರೆ?’

‘ಟಿಶ್ಯೂ ಹೊತ್ಕೊಂಡು ನೀವ್ ಬಂದಿಲ್ವಾ?’

ಅಕ್ಕಪಕ್ಕದವರು ನಕ್ಕರು. ಇಪ್ಪತ್ತೆರಡು ವರ್ಷದಿಂದ ಕಾದಿದ್ದ ಜಗಳ ಇದು ಎಂದು ನನಗೆ ಆ ಗಳಿಗೆಯಲ್ಲೇ ಹೊಳೆದು, ಕೋಪದ ನಡುವೆಯೇ ನಗು ಬಂದುಬಿಟ್ಟಿತು. ಅವರು ಏಳಲಿಲ್ಲ. ತಟ್ಟೆಯ ಸಮೇತ ಅರ್ಧ ಬೆಂಚು ಸರಿದರು. ‘ಬನ್ನಿ, ಕೂತ್ಕೊಳ್ಳಿ, ಜಾಗ ಇದ್ಯಲ್ಲ’ ಎಂದರು. ನಾನೂ ಬಿಲ್ಲು ಕೊಟ್ಟು ಬಂದ ಗಂಡನೂ ಒತ್ತಿಕೊಂಡು ಕೂತೆವು. ಹಾಗೆ ಯಾರಾದರೂ ನನಗಾಗಿ ಸರಿದು ಎಷ್ಟೋ ವರ್ಷವಾಗಿತ್ತು. ಸಿಂಗಾಪುರದಲ್ಲಿ ಮೇಜು ಪೂರ್ತಿ ಬಿಟ್ಟುಕೊಡುತ್ತಾರೆ, ಸರಿದು ಕೂರುವ ಪ್ರಸಂಗವೇ ಬರುವುದಿಲ್ಲ.

ಕಾಫಿಯ ಹೊತ್ತಿಗೆ ಯಜಮಾನರು ಕೇಳಿದರು, ‘ಯಾವೂರಾಯ್ತು ತಾಯಿ ನಿಮ್ದು?’

‘ಜುರಾಂಗ್ ವೆಸ್ಟ್’ ಎಂದೆ.

ಒಂದು ಕ್ಷಣವೂ ತಡವರಿಸಲಿಲ್ಲ. ಯೋಚನೆಯನ್ನೂ ಮಾಡಲಿಲ್ಲ. ಪಕ್ಕದಲ್ಲಿ ಗಂಡ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

‘ಅದೆಲ್ ಬತ್ತದೆ? ಹುಣಸೂರ್ ಕಡೇನಾ?’

‘ಇಲ್ಲ, ಇನ್ನೂ ಸ್ವಲ್ಪ ಆಚೆ.’

ಮನೆಗೆ ನಡೆದು ಬಂದವಳೇ ಮಹಡಿ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಯಾವ ಊರನ್ನು ಬಿಟ್ಟು ಹೋಗಬೇಕು ಎಂದು ಇಪ್ಪತ್ತೆರಡು ವರ್ಷ ಗೋಳಾಡಿದೆನೋ ಅದೇ ನನ್ನ ಬಾಯಿಗೆ ತಾನಾಗಿ ಬಂದಿತ್ತು. ನಮ್ಮ ಫ್ಲಾಟುಗಳ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಎನ್ನುವ ಬಯಲು ನೆಲಮಹಡಿಯ ಕಲ್ಲು ಬೆಂಚು, ಮಗಳು ಸೈಕಲ್ ಕಲಿತ ಜಾಗ, ಜುರಾಂಗ್ ಈಸ್ಟಿಗೆ ಹೋಗುವ ಬಸ್ಸಿನ ಎಡಗಡೆಯ ಕಿಟಕಿ, ಇಷ್ಟೂ ನೆನಪಾಯಿತು. ಎಷ್ಟೋ ಮೊಳೆ ಹೊಡೆದಿದ್ದೇನೆ ಆ ಮನೆಯ ಗೋಡೆಗೆ.

‘ಹಂಗಾದ್ರೆ ಬೇಡ್ವೇನೇ ಮೈಸೂರು?’ ಗಂಡ ಕೇಳಿದರು.

‘ಬೇಕು ಕಣ್ರೀ’ ಎಂದೆ. ಅದೂ ಸುಳ್ಳಾಗಿರಲಿಲ್ಲ. ಸರಿದು ಜಾಗ ಕೊಡುವವರು ಇನ್ನೆಲ್ಲಿ ಸಿಗುತ್ತಾರೆ? ಅವರ ಕೆಲಸ ಮುಗಿದ ಮೇಲೆ ಆ ಬಾಡಿಗೆ ಫ್ಲಾಟಿನಲ್ಲಿ ನಾವು ಎಷ್ಟು ದಿನ ಇರುವುದಕ್ಕಾಗುತ್ತಿತ್ತು? ಕ್ಯಾಲೆಂಡರಿನ ಮೇಲೆ ಮೈಸೂರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸಿಂಗಾಪುರಕ್ಕೆ ವಾಪಸು ಬಂದು ನಾನೇ ಹೊಡೆದುಹಾಕಿದೆ.

ಸಿಂಗಾಪುರದ ಇನ್ನೊಂದು ಬದಿಯ ಪಾಯಾ ಲೆಬಾರ್‌ನಲ್ಲಿ ಕೆಲಸ ಮಾಡುವ ಮಗಳು ಅಲ್ಲೇ ಗೆಳತಿಯರ ಜೊತೆ ರೂಮು ಹಿಡಿದಿದ್ದಾಳೆ. ಪ್ಯಾಕ್ ಮಾಡುವಾಗ ನಾನು ಕಣ್ಣೊರೆಸಿಕೊಂಡದ್ದನ್ನು ನೋಡಿ, ಕೊನೆಗೆ ಸಿಂಗಾಪುರದವರ ‘ಲಾ’ ಸೇರಿಸಿ ಹೇಳಿದಳು, ‘ಅಮ್ಮ, ಯಾಕಳ್ತೀಯಾ? ನಾನ್ ಇಲ್ಲೇ ಇರ್ತೀನಲ್ಲ. ನೀನು ಎವೆರಿ ಇಯರ್ ಊರಿಗೆ ಬಾ ಲಾ!’ ಹೆಣ್ಣುಮಕ್ಕಳು ತಾಯಿ ಇರುವ ಊರಿಗೆ ತವರೆಂದು ಹೋಗುತ್ತಾರೆ. ನನ್ನದು ಉಲ್ಟಾ, ಮಗಳಿರುವ ಕಡೆ ನನ್ನ ತವರು.

ಹೊರಡುವ ದಿನ ಬೆಳಿಗ್ಗೆ ಬ್ಲಾಕಿನ ಪಕ್ಕದ ಹಾಕರ್ ಸೆಂಟರಿಗೆ ಹೋದೆವು. ಯಾವಾಗಲೂ ಕೂರುವ ಮೇಜಿನ ಮೇಲೆ ಟಿಶ್ಯೂ ಇಟ್ಟು ಕಾಫಿ ತರಲು ಹೋದೆ. ಅಂಗಡಿಯ ಚೀನೀ ಅಂಕಲ್‌ಗೆ ವಿಷಯ ಗೊತ್ತಿತ್ತು. ಕೇಳದೆಯೇ ಸಕ್ಕರೆ ಕಡಿಮೆ ಹಾಕಿ, ‘ಗೋ ಬ್ಯಾಕ್ ಹೋಮ್‌ಟೌನ್ ಆಹ್, ಆಂಟಿ? ಹ್ಯಾಪಿ ಲಾ!’ ಎಂದರು. ಹೋಮ್‌ಟೌನ್ ಇದೇ ಅಂಕಲ್ ಎನ್ನಬೇಕೆನ್ನಿಸಿತು. ಆದರೂ ‘ಯೆಸ್, ಯೆಸ್’ ಎಂದಷ್ಟೇ ಅಂದೆ. ತಿರುಗಿ ಬಂದಾಗ ಸುತ್ತ ಜನ ಜಾಗ ಹುಡುಕುತ್ತಾ ಓಡಾಡುತ್ತಿದ್ದರು. ನಮ್ಮ ಮೇಜಿನ ಹತ್ತಿರ ಯಾರೂ ಸುಳಿದಿರಲಿಲ್ಲ.

ನಿಧಾನವಾಗಿ ಕುಡಿದೆವು. ಟ್ಯಾಕ್ಸಿ ಬಂತೆಂದು ಮಗಳ ಮೆಸೇಜ್ ಬಂತು. ಗಂಡ ಟ್ರೇ ವಾಪಸು ಇಟ್ಟು ಬಂದರು. ನಾನು ಎದ್ದು ನಾಲ್ಕು ಹೆಜ್ಜೆ ಹಾಕಿದ್ದೆ.

‘ಟಿಶ್ಯೂ ಅಲ್ಲೇ ಬಿಟ್ಯಲ್ಲೇ’ ಎಂದು ಅವರು ಹಿಂದಿನಿಂದ ಕರೆದರು.

‘ಇರ್ಲಿ ಬಿಡಿ’ ಎಂದೆ.