ಸ್ವರ್ಗಕ್ಕೆ ಕಾಂಪೌಂಡು ಹೊಲಿದ ದಾರದಕ್ಕ

ಬೆಳಗಿನ ಪ್ರಾರ್ಥನೆ ಮುಗಿಸಿದವರು ಚಪ್ಪಲಿ ಮೆಟ್ಟಿ ಮನೆಯತ್ತ ಹೊರಟಿದ್ದಾರೆ. ಮಸೀದಿಯ ಪಕ್ಕದ ಮನೆಯ ಪುಟ್ಟ ಕೋಣೆಯಲ್ಲಿ ಮಾತ್ರ ದೀಪ ಆರಿಲ್ಲ. ಕೈಕಾಲು ಮುಖ ತೊಳೆದು ಬಂದ ಹೆಂಗಸೊಬ್ಬರು ಕಿಟಕಿಯ ಬುಡದಲ್ಲಿ ಕುಳಿತು, ದಾರವನ್ನು ಮೇಣದ ತುಂಡಿಗೆ ತಿಕ್ಕಿ, ಒಂದು ಕಣ್ಣು ಮುಚ್ಚಿ ಸೂಜಿಗೆ ಪೋಣಿಸುತ್ತಾರೆ. ಮುಂದಿನ ಮಣೆಯ ಮೇಲೆ ಬೆನ್ನು ಮುರಿದ ಧರ್ಮಗ್ರಂಥ. ಹಸುಗೂಸಿನ ತಲೆ ಹಿಡಿದಷ್ಟು ಮೆತ್ತಗೆ ಅದನ್ನು ಎತ್ತಿಕೊಳ್ಳುತ್ತಾರೆ.

ಓಣಿಗೆಲ್ಲ ಇವರು ದಾರದಕ್ಕ. ಓದಿ ಓದಿ ಸವೆದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ರಟ್ಟು ಕಟ್ಟುವುದು ತಂದೆಯಿಂದ ಬಂದ ಕಸುಬು. ಅಂಟು ಕಾಯಿಸುವುದು ಗಂಡನ ಪಾಲು. “ಮದುವೆಯಾದ ಹೊಸದರಲ್ಲಿ ಬರೀ ಗಂಟು ಗಂಟು. ಈಗ ಪರವಾಗಿಲ್ಲ, ಪಳಗಿದಾರೆ,” ಎಂದು ನಗುತ್ತಾರೆ. ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. “ಪುಸ್ತಕದ ಬೆನ್ನು ನೆಟ್ಟಗೆ ಮಾಡ್ತಾ ಮಾಡ್ತಾ ನನ್ನ ಬೆನ್ನು ಬಾಗ್ತು, ನೋಡಿ.”

ಮಸೀದಿಯ ಪುಸ್ತಕದಲ್ಲಿ ಹಾಳೆ ಅದಲುಬದಲಾಗಬಾರದು. ತಪ್ಪಿದವರ ಕೈಗೆ ಮತ್ತೆ ಕೆಲಸವಿಲ್ಲ. ಇದು ಹಳೆಯ ಕಟ್ಟಳೆ. ಕಳೆದ ಚಳಿಗಾಲದಲ್ಲಿ ಆ ತಪ್ಪು ದಾರದಕ್ಕನಿಂದಲೇ ಆಗಿಹೋಯಿತು.

ಅಂದು ಎರಡು ಪುಸ್ತಕ ಒಟ್ಟಿಗೆ ಬಿಚ್ಚಿದ್ದರು. ಒಂದು, ಹೆಂಗಸರ ಬೆಳಗಿನ ಪಾಠದ ಪ್ರಾರ್ಥನೆಗಳು. ಇನ್ನೊಂದು, ಧರ್ಮಗ್ರಂಥದ ಅರಬ್ಬೀ ಮಾತುಗಳು ಎಲ್ಲೆಲ್ಲಿಂದ ಬಂದವು ಎಂದು ಹೇಳುವ ಪುಸ್ತಕ. ಅದೇ ಅಳತೆ, ಅದೇ ಹಳದಿ ಕಾಗದ. ಮಾತಿನ ಮೂಲ ಹೇಳುವ ಪುಸ್ತಕದ ಮಡಿಚಿದ ಹಾಳೆಗಳ ಒಂದು ಕಂತೆ ಪ್ರಾರ್ಥನೆ ಪುಸ್ತಕದೊಳಗೆ ಹೊಲಿಗೆಯಾಯಿತು.

ಆ ಪಾಠಕ್ಕೆ ಹೋಗುವವರಲ್ಲಿ ದಾರದಕ್ಕನ ಅತ್ತೆಯೂ ಒಬ್ಬರು. ಮರುದಿನ ಹೊಸ್ತಿಲಲ್ಲೇ ನಿಂತು ಕೂಗಿದರು: “ಲೇ ಸೊಸೆ, ನೀನು ಹೊಲಿದಿರೋ ಪುಸ್ತಕದಲ್ಲಿ ಸ್ವರ್ಗಕ್ಕೆ ಕಾಂಪೌಂಡು ಬಂದಿದೆ!”

ಆಗಿದ್ದಿಷ್ಟೇ. ಪ್ರಾರ್ಥನೆ ಓದುತ್ತ ಪುಟ ತಿರುಗಿಸಿದರೆ, ‘ಫಿರ್ದೌಸ್’ ಎಂಬ ಸ್ವರ್ಗದ ಹೆಸರಿನ ಮೂಲ ಹಳೆಯ ಪರ್ಷಿಯಾದ್ದು, ಸುತ್ತ ಗೋಡೆ ಕಟ್ಟಿದ ತೋಟ ಎಂದಿತ್ತು. ದಾರದಕ್ಕ ನೆನೆಯುತ್ತಾರೆ: “ಅಪ್ಪನ ಕಸುಬು ನನ್ನ ಕೈಯಲ್ಲೇ ಮುಗೀತು ಅಂದ್ಕೊಂಡೆ. ರಾತ್ರಿ ಅನ್ನ ಇಳೀಲಿಲ್ಲ.”

ಬೆಳಕು ಹರಿಯುತ್ತಲೇ ಮೌಲ್ವಿಗಳ ಮುಂದೆ ನಿಂತರು. “ತಪ್ಪು ನಂದೇ,” ಎಂದರು. ಮೌಲ್ವಿಗಳು ಬಾಯಿ ತೆರೆಯುವ ಮೊದಲೇ ಪಾಠದ ಹೆಂಗಸರು ಮುತ್ತಿಕೊಂಡರು. ಎಲ್ಲರಿಗಿಂತ ಮುಂದೆ ಅತ್ತೆ.

“ಮೌಲ್ವಿಗಳೇ, ದೇವರ ಮಾತಿಗೆ ಬೇರೆ ಭಾಷೆಯಿಂದ ಕಡ ತರೋ ಗತಿ ಯಾಕೆ ಬಂತು?”

“ಕಡ ಅಲ್ಲ ತಾಯಿ, ಸೊಸೆ ಬಂದ ಹಾಗೆ. ಯಾವ ಮನೇಲಿ ಹುಟ್ಟಿದ್ರೇನು? ಇವತ್ತು ಈ ಮನೆ ಬೆಳಗೋದು ಅವಳೇ ಅಲ್ವಾ?”

“ಅಯ್ಯೋ, ಇಲ್ಲೇ ನಿಂತಿದ್ದಾಳೆ, ಅವಳೆದುರಿಗೇ ಹೇಳ್ಬೇಡಿ. ತಲೆ ಮೇಲೆ ಕೂತ್ಕೋತಾಳೆ!”

ಮೌಲ್ವಿಗಳು ಗಡ್ಡದೊಳಗೇ ನಕ್ಕರಂತೆ. ಆಮೇಲೆ ದಾರದಕ್ಕನ ಕಡೆ ತಿರುಗಿ, “ತಪ್ಪು ತಪ್ಪೇ ಕಣಮ್ಮ. ಬಿಚ್ಚಿ ಸರಿ ಮಾಡ್ಬೇಕು. ಆದ್ರೆ ಇವರು ಓದಿ ಮುಗಿಸ್ಲಿ,” ಎಂದರು.

ಆ ಓದು ಇನ್ನೂ ಮುಗಿದಿಲ್ಲ! ಸನ್ಮಾರ್ಗಕ್ಕಿರುವ ‘ಸಿರಾತ್’ ಎಂಬ ಮಾತು ಒಂದು ಕಾಲಕ್ಕೆ ರೋಮಿನವರು ಕಲ್ಲು ಹಾಸಿದ ರಸ್ತೆ ಎಂದು ಬಲ್ಲವರು ಹೇಳುತ್ತಾರೆ. ಬರೆಯುವ ‘ಕಲಮ್’ ಗ್ರೀಕರ ನದಿದಂಡೆಯ ಜೊಂಡು. ಒಂದೊಂದು ಮಾತಿಗೂ ಹೆಂಗಸರು ನೂರು ಪ್ರಶ್ನೆ ಎತ್ತುತ್ತಾರೆ. ಬಾಯಿಪಾಠ ಒಪ್ಪಿಸಿ ಎದ್ದು ಹೋಗುತ್ತಿದ್ದವರು ಈಗ ಬಿಸಿಲೇರಿದರೂ ಏಳುವುದಿಲ್ಲ. ಅದೆಷ್ಟು ಸೀಮೆಯ ನಾಲಗೆಗಳು ಸೇರಿ ಒಂದು ಪ್ರಾರ್ಥನೆಯಾಗಿದೆ ಎಂದು ತಿಳಿದಾಗ, ಕೇಳುವ ದೇವರು ಒಬ್ಬನೇ ಎಂಬುದು ಮನಸ್ಸಿಗೆ ಮತ್ತಷ್ಟು ಹತ್ತಿರವಾಗುತ್ತದೆ.

ಮಣೆಯ ಮೇಲಿರುವ ಗ್ರಂಥ ಮಸೀದಿಯಲ್ಲೇ ಅತ್ಯಂತ ಹಳೆಯದು. ಇದುವರೆಗೆ ರಿಪೇರಿಗೆಂದು ಯಾರ ಕೈಗೂ ಕೊಟ್ಟದ್ದಿಲ್ಲ. ಹೋದ ವಾರ ಮೌಲ್ವಿಗಳೇ ಬಟ್ಟೆಯಲ್ಲಿ ಸುತ್ತಿ ತಂದಿಟ್ಟರು. “ತಪ್ಪಿದವಳಿಗೇ ಕೊಡ್ತೀರಲ್ಲ, ಅಂದೆ. ‘ಒಂದ್ಸಲ ಎಡವಿದ ಕಾಲು ನೆಲ ನೋಡ್ಕೊಂಡು ನಡೆಯುತ್ತಮ್ಮ’ ಅಂದ್ರು.”

ಒಳಗಿನಿಂದ ಅತ್ತೆಯ ದನಿ: “ಕೊಚ್ಚಿಕೊಂಡಿದ್ದು ಸಾಕು, ಅಂಟು ಆರ್ತಿದೆ!”

ದಾರದಕ್ಕ ತುಟಿ ಕಚ್ಚಿ ನಗುತ್ತಾರೆ. ಇನ್ನೇನು ಆಸೆ ಎಂದರೆ ಸೂಜಿ ನಿಲ್ಲಿಸದೆ ಹೇಳುತ್ತಾರೆ: “ಇದನ್ನ ತೆರೆದೋರಿಗೆ ನನ್ನ ಹೊಲಿಗೆ ಕಾಣಿಸ್ಬಾರದು. ಅವನ ಮಾತು ಮಾತ್ರ ಕಾಣ್ಲಿ.”