ಎರಡೂ ನಲವತ್ತರ ಸದ್ದು

ಮೂವತ್ತೊಂದು ವರ್ಷ ದಂಡಿನ ಕ್ಯಾಂಪಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಕವಾಯತು ಕಲಿಸಿದವಳು ನಾನು. ಐದಕ್ಕೆ ಏಳುತ್ತೇನೆ, ಹನ್ನೆರಡೂವರೆಗೆ ಊಟ, ಎರಡೂವರೆಯಿಂದ ಮೂರೂಕಾಲರವರೆಗೆ ಮಲಗುತ್ತೇನೆ. ಹೋದ ವರ್ಷ ಆ ನಿದ್ದೆಗೆ ಕುತ್ತು ಬಂತು. ದಿನವೂ ಎರಡೂ ನಲವತ್ತಕ್ಕೆ ತಲೆಯ ಮೇಲೆ ಧಬ್, ಧಬ್, ಧಬ್. ಅರ್ಧ ತಾಸು ಬಿಡುವಿಲ್ಲ.

ಮೇಲಿನ ಮನೆಯಲ್ಲಿ ಖಾನಾಪುರದ ದಂಪತಿ, ಒಬ್ಬಳು ಮಗಳು, ಬಾಡಿಗೆಗಿದ್ದರು. ಗಂಡ ಮಚ್ಛೆ ಎಂಬ ಊರಿನ ಒಂದು ಕಾರ್ಖಾನೆಗೆ ಹೋಗುತ್ತಿದ್ದ. ಭಾರದ ಚೀಲ ಹೊತ್ತು ಮೆಟ್ಟಿಲು ಏರುವುದನ್ನು ಎರಡು ಸಲ ನೋಡಿದ್ದೆ.

"ಏನದು?" ಎಂದೆ.

"ಊರಿನ ಅಕ್ಕಿರಿ, ಅಕ್ಕೋರ."

ನಾನು ನಂಬಲಿಲ್ಲ. ಕಾರ್ಖಾನೆಯ ಬಿಡಿಭಾಗ ತಂದು ಮನೆಯಲ್ಲೇ ತಟ್ಟಿ ಸರಿಮಾಡುತ್ತಾರೆ ಎಂದು ತೀರ್ಮಾನಿಸಿದೆ. ಮೂರು ವಾರ ಸದ್ದಿನ ವೇಳೆಯನ್ನೆಲ್ಲ ವಹಿಯಲ್ಲಿ ಬರೆದು, ಆ ಮನೆಯ ಮಾಲಕರಿಗೆ ದೂರು ಕೊಟ್ಟೆ.

ಎಂಟು ದಿನಕ್ಕೆ ಮೇಲಿನ ಮನೆಯ ಹೆಂಗಸು ನನ್ನ ಬಾಗಿಲಿಗೆ ಬಂದಳು.

"ಅಕ್ಕೋರ, ತಿಂಗಳಾಖೇರಿಗೆ ಮನಿ ಖಾಲಿ ಮಾಡ್ರಿ ಅಂದಾರ ಮಾಲಕರು. ಮಗಳದು ಹತ್ತನೇತ್ತಾ ಐತಿ. ನಡು ವರ್ಷದಾಗ ಎಲ್ಲಿ ಹೋಗೂಣು? ಏನ್ ಬರದೀರಿ, ಒಮ್ಮಿ ಓದ್ರಿ, ಕೇಳ್ತೀನಿ."

ಓದಿದೆ. ಎರಡನೆಯ ವಾರಕ್ಕೆ ಬಂದಾಗ ಕೈ ಎತ್ತಿದಳು.

"ನಿಲ್ರಿ. ಆ ಸೋಮವಾರದಿಂದ ಗುರುವಾರತನಾ ನಾವು ಖಾನಾಪುರದಾಗ, ನಾದಿನಿ ಮದವಿಗೆ ಹೋಗಿದ್ವಿ. ಕೀಲಿ ಹಾಕಿದ ಮನ್ಯಾಗ ದೆವ್ವ ಕುಟ್ಟತಿತ್ತೇನ್ರಿ?"

"ಕೀಲಿ ಯಾರ ಹತ್ರ ಇತ್ತು?"

"ನನ್ನ ಸೊಂಟದಾಗ. ತಪಾಸ ಮಾಡ್ತೀರೇನು?"

ನಾಲ್ಕೂ ದಿನ ನನ್ನದೇ ಅಕ್ಷರದಲ್ಲಿ ಎರಡೂ ನಲವತ್ತು ಎಂದಿತ್ತು. ಆದರೂ ಇವಳದೇನೋ ಹಂಚಿಕೆ ಇದೆ ಅನಿಸಿತು. ನಾಳೆ ಮಧ್ಯಾಹ್ನ ನನ್ನ ಮನೆಯಲ್ಲೇ ಬಂದು ಕುಳಿತುಕೋ ಎಂದೆ.

ಬಂದಳು. ಇಬ್ಬರೂ ಎದುರುಬದುರು ಕುಳಿತೆವು. ಎರಡೂ ನಲವತ್ತಕ್ಕೆ ಸರಿಯಾಗಿ ಧಬ್ ಎಂದಿತು. ಅವಳು ಎದ್ದು ಮೂಲೆಯ ಕಂಬಕ್ಕೆ ಅಂಗೈ ಇಟ್ಟಳು, ನನ್ನ ಕೈಯನ್ನೂ ಹಿಡಿದು ಇಡಿಸಿದಳು. ಕಂಬ ಅದುರುತ್ತಿತ್ತು.

"ಇದು ಕೆಳಗಿಂದ ಬರಾಕತ್ತೈತ್ರಿ."

ಇಳಿದು ಹೋದೆವು. ನೆಲಮಹಡಿಯಲ್ಲಿ, ಅದೇ ಕಂಬದ ಬುಡಕ್ಕೆ ಕಬ್ಬಿಣದ ಒರಳು ಆನಿಸಿಕೊಂಡು ನಮ್ಮ ಕಟ್ಟಡದ ಕಾವಲುಗಾರನ ಹೆಂಡತಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು.

"ಬರ್ರಿ ಅಕ್ಕೋರ, ನಿಮ್ದ ಕುಟ್ಟಾಕತ್ತೀನಿ!"

ಮಿಕ್ಸಿಯ ಚಟ್ನಿ ನನಗೆ ನಡೆಯದು, ಕುಟ್ಟಿದ್ದೇ ಬೇಕು ಎಂದು ಅವಳಿಗೆ ಹೇಳಿದವಳು ನಾನೇ. ನನ್ನ ಮಾತು ಕೇಳಿ ಒಂಬತ್ತು ಮನೆಯವರು ತಮಗೂ ಕುಟ್ಟಿದ ಚಟ್ನಿಯೇ ಬೇಕೆಂದು ಹೇಳಿಟ್ಟಿದ್ದರು. ಹಾಗಾಗಿ ದಿನವೂ ಕುಟ್ಟುವ ಕೆಲಸ.

ಮೇಲಿನ ಮನೆಯವಳು ನಗಲಿಲ್ಲ. "ಈಗ ವಹಿಯೊಳಗ ಇದನ್ನೂ ಬರೀರಿ," ಎಂದಳು.

ಅಂದೇ ಸಂಜೆ ಮಾಲಕರ ಮನೆಗೆ ಹೋಗಿ, ತಪ್ಪು ನನ್ನದೆಂದು ಬರೆದುಕೊಟ್ಟು, ದೂರು ಹಿಂಪಡೆದೆ. ಖಾನಾಪುರದವರು ಆ ಮನೆಯಲ್ಲೇ ಉಳಿದರು. ಒರಳು ಕಂಬ ಬಿಟ್ಟು ಅಂಗಳಕ್ಕೆ ಹೋಯಿತು, ಕೆಳಗೆ ಮಡಚಿದ ಗೋಣಿಚೀಲ, ಕುಟ್ಟುವುದು ಬೆಳಿಗ್ಗೆ ಹನ್ನೊಂದಕ್ಕೆ.

ಮೊನ್ನೆ ಆ ಗಂಡ ಮತ್ತೆ ಚೀಲ ಹೊತ್ತು ಮೆಟ್ಟಿಲಲ್ಲಿ ಎದುರಾದ. ನಾನು ಏನೂ ಕೇಳಲಿಲ್ಲ, ಪಕ್ಕಕ್ಕೆ ಸರಿದು ನಿಂತೆ. ಆತ ಚೀಲ ಇಳಿಸಿ, ಬಾಯಿ ಬಿಚ್ಚಿ, ಒಂದು ಹಿಡಿ ಅಕ್ಕಿ ಎತ್ತಿ ತೋರಿಸಿ, ಮತ್ತೆ ಕಟ್ಟಿಕೊಂಡು ಏರಿಹೋದ.