ಹಗೇವಿನಿಂದ ಮೇಲೆ ಬಂದ ಜೋಳ

ಆ ರಾತ್ರಿ ಹಗೇವಿನ ಬಾಯಿಯ ಹತ್ತಿರ ಇದ್ದವರು ಇಬ್ಬರೇ. ನಾನು, ನಮ್ಮ ಅತ್ತೆ. ಅತ್ತೆ ಹೋಗಿ ಬಹಳ ಕಾಲವಾಯಿತು, ಹೌದೆನ್ನಲು ಈಗ ನಾನೊಬ್ಬಳೇ ಉಳಿದಿದ್ದೇನೆ. ನೀವು ನಂಬದಿದ್ದರೂ ನನಗೇನೂ ಬೇಸರವಿಲ್ಲ. ನನ್ನ ಕೈಯಲ್ಲಿ ಹಗ್ಗವಿತ್ತು, ಅಷ್ಟು ಮಾತ್ರ ಹೇಳಬಲ್ಲೆ.

ನಮ್ಮದು ಮುಂಡಗೋಡ ಕಡೆಯ ಇಂದೂರು. ಭತ್ತಕ್ಕೆ ಮನೆಯೊಳಗೆ ಕಣಜ, ಜೋಳಕ್ಕೆ ಊರ ದಿನ್ನೆಯ ಮೇಲೆ ಹಗೇವು. ಹಗೇವೆಂದರೆ ನೆಲದೊಳಗಿನ ಕೋಣೆ. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಕೆಳಗೆ ಗಡಿಗೆಯಂತೆ ಹೊಟ್ಟೆ. ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮೆತ್ತಿದರೆ ಹುಳವೂ ಇಲ್ಲ, ಇಲಿಯೂ ಇಲ್ಲ. ಆದರೆ ತೆರೆದ ಕೂಡಲೇ ಇಳಿಯಬಾರದು. ಒಳಗಿನ ಗಾಳಿ ಕೆಟ್ಟಿರುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಬಿಡಬೇಕು, ಆರಿದರೆ ಕಾಯಬೇಕು.

ನಮ್ಮ ಮಾವ ಕಾಯದೆ ಇಳಿದಿದ್ದರಂತೆ. ನಾನು ಆ ಮನೆಗೆ ಬರುವುದಕ್ಕೆ ಮೊದಲಿನ ಮಾತು. ಮೇಲೆ ಹಗ್ಗ ಹಿಡಿದು ನಿಂತಿದ್ದವರು ಅತ್ತೆಯೇ. ಬುಟ್ಟಿ ತುಂಬಿತೆಂದರೆ ಕೆಳಗಿನವರು ಎರಡು ಸಲ ಹಗ್ಗ ಜಗ್ಗಬೇಕು. ಅತ್ತೆ ಕಾಯುತ್ತಲೇ ನಿಂತರು... ಹಗ್ಗ ಅಲುಗಲಿಲ್ಲ.

ಆ ವರ್ಷ ಬಸವ ಜಯಂತಿ ಕಳೆದ ಮೇಲೆ, ಅರ್ಧ ತುಂಬಿದ್ದ ಅದೇ ಹಗೇವಿನ ಬಾಯಿಯಿಂದ ಹುಳಿತ ಹಿಟ್ಟಿನ ವಾಸನೆ ಬರತೊಡಗಿತು. ಒಳಗೆ ಪಸೆ ಹತ್ತಿತ್ತು. ನನ್ನ ಗಂಡ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಕೆಲಸದಲ್ಲಿದ್ದರು. ಮನೆಯಲ್ಲಿದ್ದ ಗಂಡಾಳು ಎಂದರೆ ಮೈದುನ ಗುರುಪಾದ. ಸಂಜೆ ಕಲ್ಲು ಸರಿಸಿ ಕಂದೀಲು ಬಿಟ್ಟ. ಆರಿತು. ಮತ್ತೆ ಹಚ್ಚಿ ಬಿಟ್ಟ. ಮತ್ತೆ ಆರಿತು.

“ಮುಂಜಾನಿತನಾ ಬಾಯಿ ತೆರದಿರಲಿ,” ಎಂದರು ಅತ್ತೆ.

“ಯವ್ವಾ, ನೀ ಹಿಂಗ ಕುಂತ್ರ ಹುಳ ನಮ್ಮ ಪಾಲಿಂದೂ ಉಂಡು ಡರ್ ಅಂತ ತೇಗತಾವ. ಮ್ಯಾಲೆ ಮೋಡ ನೋಡು. ನಾಳೆ ದೀಪ ಉರೀಲಿ, ಆರಲಿ, ನಾ ಇಳಿಯಾಂವ.”

“ನಿಮ್ಮಪ್ಪನೂ ಹಿಂಗ ಅಂದಿದ್ದ.”

ಗುರುಪಾದನ ನಗು ನಿಂತಿತು. ಆದರೂ ಹಟ ಬಿಡಲಿಲ್ಲ. “ಮಳಿಗಾಲಕ್ಕ ಉಣ್ಣೂ ಜೋಳ ಬೂಸಲ ಹಿಡದು ಹೋದ್ರ ಏನ್ ತಿನ್ನೂಣು? ವೈನಿ, ನೀವರ ಹೇಳ್ರಿ ಈಕಿಗೆ,” ಎಂದು ನನ್ನತ್ತ ನೋಡಿ ಮನೆಗೆ ಹೋದ.

ತೆರೆದ ಹಗೇವನ್ನು ಹಾಗೇ ಬಿಡುವಂತಿಲ್ಲ, ದನಕರು ಬೀಳುತ್ತವೆ. ನಾವಿಬ್ಬರೂ ಕಂಬಳಿ ಹೊದ್ದು ಕಾವಲಿಗೆ ಕುಳಿತೆವು. ಮರುದಿನಕ್ಕೆಂದು ಗುರುಪಾದ ಬುಟ್ಟಿ ಕಟ್ಟಿ ಬಿಟ್ಟಿದ್ದ ಹಗ್ಗ ಒಳಗೇ ಇಳಿಬಿದ್ದಿತ್ತು. ಅದರ ತುದಿಯನ್ನು ಗೂಟಕ್ಕೆ ಸುತ್ತಿದ್ದೆವು, ಪಕ್ಕದಲ್ಲಿ ಖಾಲಿ ಚೀಲಗಳಿದ್ದವು. ಅತ್ತೆ ಹಗೇವಿನ ಬಾಯಿಯನ್ನೇ ನೋಡುತ್ತಿದ್ದರು.

ಊರಿನ ನಾಯಿಗಳೂ ಮಲಗಿದ ಮೇಲೆ ಕೆಳಗಿನಿಂದ ಒಂದು ಸದ್ದು... ಸರ್‍... ಸರ್‍... ಕಾಳನ್ನು ಅಂಗೈಯಿಂದ ಬಳಿದು ಗುಡ್ಡೆ ಹಾಕುವ ಸದ್ದು. ಇಲಿಯಿರಬೇಕು ಎಂದುಕೊಂಡೆ.

ಆಗ ಹಗ್ಗ ಅಲುಗಿತು. ಒಂದು ಸಲ. ಇನ್ನೊಂದು ಸಲ.

ನಾನು ಕಂಬಳಿ ಬಿಟ್ಟು ಹಿಂದಕ್ಕೆ ಸರಿದೆ. ಅತ್ತೆ ಮಾತ್ರ ದಿನಾ ಮಾಡುವ ಕೆಲಸದಂತೆ ಎದ್ದರು, ಸೆರಗು ಸಿಕ್ಕಿಸಿಕೊಂಡರು, ಹಗ್ಗಕ್ಕೆ ಕೈ ಹಚ್ಚಿದರು.

“ಹಿಡಿ, ನೀಲವ್ವ. ಭಾರ ಐತಿ.”

ಹಿಡಿದೆ. ಬುಟ್ಟಿ ಮೇಲೆ ಬಂತು. ತುಂಬ ಜೋಳ. ಬೆಚ್ಚಗಿತ್ತು.

ಅತ್ತೆ ಚೀಲಕ್ಕೆ ಸುರಿದು ಬುಟ್ಟಿ ಮತ್ತೆ ಇಳಿಸಿದರು. ಸರ್‍... ಸರ್‍... ಮತ್ತೆ ಎರಡು ಜಗ್ಗು. ಮತ್ತೆ ಎಳೆದೆವು. ಹೆದರಿಕೆ ಯಾವಾಗ ಹೋಯಿತೋ ತಿಳಿಯದು. ಅಂಗೈ ಸುಲಿದಿತ್ತು, ನೋವೂ ಗೊತ್ತಾಗಲಿಲ್ಲ. ಎಳೆಯುವುದು, ಸುರಿಯುವುದು, ಇಳಿಸುವುದು. ನನ್ನ ಕೈಗಳನ್ನು ನಾನೇ ದೂರದಿಂದ ನೋಡುತ್ತಿರುವ ಹಾಗಿತ್ತು.

ಕಡೆಕಡೆಗೆ ಬಂದ ಬುಟ್ಟಿಗಳಲ್ಲಿ ಕರಿ ಬೂಸಲಿನ ಕಾಳು. ಒಳ್ಳೆಯದರಲ್ಲಿ ಒಂದೂ ಕೆಟ್ಟದ್ದು ಬೆರೆತಿರಲಿಲ್ಲ. ಅಷ್ಟು ಕತ್ತಲಲ್ಲಿ ಯಾರೋ ಬೇರೆ ಮಾಡಿಯೇ ತುಂಬಿದ್ದರು.

ಅತ್ತೆ ಹಿಡಿ ಕಾಳನ್ನು ಮೂಸಿದರು. “ಇದನ್ನ ಬ್ಯಾರೆ ಹಾಕು,” ಎಂದರು. ಸ್ವಲ್ಪ ಹೊತ್ತಿನ ಮೇಲೆ, ನನಗಲ್ಲ ಎಂಬಂತೆ, “ಅವರೂ ಹಿಂಗ ಮಾಡತಿದ್ರು...”

ಮೂಡಣ ಬೆಳ್ಳಗಾಗುವಾಗ ಬುಟ್ಟಿ ಖಾಲಿ ಬಂತು. ಆಮೇಲೆ ಹಗ್ಗ ಅಲುಗಲಿಲ್ಲ.

ಗುರುಪಾದ ತಲೆಗೆ ವಸ್ತ್ರ ಸುತ್ತಿಕೊಂಡು ಇಳಿಯಲು ಸಿದ್ಧನಾಗಿ ಬಂದ. ಚೀಲಗಳ ಸಾಲು ನೋಡಿ ಅವನ ಮುಖ ಬಿಳುಪೇರಿತು.

“ಯಾರನ್ನ ಇಳಿಸಿದ್ರಿ? ಯಾರ ಮಗನ್ನ ಕೊಲ್ಲಾಕ ಇಳಿಸಿದ್ರಿ, ಯವ್ವಾ?”

ಅವನು ಕಂದೀಲು ಹಚ್ಚಿ ಬಿಟ್ಟ. ಒಂದು ಮಾರು ಇಳಿಯುವಷ್ಟರಲ್ಲಿ ಪಕ್ಕನೆ ಆರಿತು. ಮನೆಯಿಂದ ಕನ್ನಡಿ ತಂದು ಎಳೆಬಿಸಿಲನ್ನು ಒಳಗೆ ಬಿಟ್ಟ. ಮೂವರೂ ಬಗ್ಗಿ ನೋಡಿದೆವು. ತಳ ಗುಡಿಸಿದ ಹಾಗೆ ಚೊಕ್ಕವಾಗಿತ್ತು. ಸತ್ತವರಿಲ್ಲ, ಇದ್ದವರಿಲ್ಲ. ಹಸಿ ಮಣ್ಣಿನ ಮೇಲೆ ಒಂದು ಹೆಜ್ಜೆಯ ಗುರುತೂ ಇಲ್ಲ.

“ವೈನಿ... ನೀವರ ಹೇಳ್ರಿ.”

ಸುಲಿದ ಅಂಗೈ ಚಾಚಿ ತೋರಿಸಿದೆ. ಅವನು ಅದನ್ನು ನೋಡಿ ಅಲ್ಲಿಯೇ ಕುಕ್ಕರಿಸಿ ಕುಳಿತ.

“ಕಾಳೆಲ್ಲಾ ಮ್ಯಾಲ ಬಂತಲ್ಲಪಾ,” ಎಂದರು ಅತ್ತೆ. “ಇನ್ನ ನೀ ಇಳಿಯೂ ಕೆಲಸ ಇಲ್ಲ.”

ಆ ಜೋಳವನ್ನು ನಾವು ಮಳೆಗಾಲವೆಲ್ಲ ಉಂಡೆವು. ರೊಟ್ಟಿ ಬೇರೆ ಜೋಳದ ರೊಟ್ಟಿಯಂತೆಯೇ ಇತ್ತು. ಇಂದಿಗೂ ಬಾವಿಯಲ್ಲಿ ಕೊಡ ತಟ್ಟಿ ಹಗ್ಗ ತುಸು ಜಗ್ಗಿದರೆ ನನ್ನ ಕೈ ಅಲ್ಲೇ ನಿಂತುಬಿಡುತ್ತದೆ. ಎಳೆಯಲೋ ಬಿಡಲೋ ತಿಳಿಯುವುದಿಲ್ಲ.

ಆ ವಾರವೇ ಹಗೇವು ಮುಚ್ಚಿಸುವುದೆಂದು ಅತ್ತೆ ಹಟ ಹಿಡಿದರು. ಗುರುಪಾದ ಕೆರೆಯ ಮಣ್ಣು ಹೇರಿಕೊಂಡು ಬಂದು ಗಾಡಿಯನ್ನು ಬಾಯಿಗೆ ಹಿಮ್ಮುಖವಾಗಿ ನಿಲ್ಲಿಸಿದ. ಅತ್ತೆ ಕೈ ಅಡ್ಡ ಹಿಡಿದರು. ಬಗ್ಗಿ, ಗದ್ದೆಯಲ್ಲಿದ್ದ ಗಂಡನನ್ನು ಊಟಕ್ಕೆ ಕರೆಯುವಂತೆ, ಒಳಗೆ ಕೂಗಿದರು.

“ಸಾಕಾತು. ಮ್ಯಾಲ ಬರ್ರಿ.”

ಸ್ವಲ್ಪ ಹೊತ್ತು ಕಾದರು. ಆಮೇಲೆ ಪಕ್ಕಕ್ಕೆ ಸರಿದು, “ಸುರುವು,” ಎಂದರು.